ಕಮಾನು ನಿಲ್ಲುವ ಜಾಗ

ಸ್ವರಲಿಪಿ ಇಲ್ಲದೆ, ಪುಸ್ತಕ ಇಲ್ಲದೆ, ಕಿವಿಯೊಂದನ್ನೇ ನಂಬಿ ಐದಾರು ವರ್ಷದ ಮಕ್ಕಳಿಗೆ ಪಿಟೀಲು ಕಲಿಸುವ ಕೆಲಸಕ್ಕೆ ಈಚೆಗೆ ಕೆಲವು ಕಿರಿಯರು ಬರುತ್ತಿದ್ದಾರೆ. ಅವರಲ್ಲಿ ಹಲವರು ನನ್ನನ್ನು ಕಂಡು, ಮಗುವಿಗೆ ಮೊದಲು ಯಾವ ಹಾಡು ಹೇಳಿಕೊಡಬೇಕೆಂದು ವಿಚಾರಿಸುತ್ತಾರೆ. ಆ ಮಗು ಈಗಾಗಲೇ ಏನನ್ನು ಕೇಳಿಸಿಕೊಂಡು ಬಂದಿದೆ ಎಂದು ಯಾರೂ ವಿಚಾರಿಸುವುದಿಲ್ಲ. ಈ ಬರಹ ಎರಡನೆಯ ಪ್ರಶ್ನೆಯನ್ನು ಕುರಿತದ್ದು.

ನಾನು ವೃತ್ತಿಯಿಂದ ಸಂಗೀತಗಾರನಲ್ಲ. ಮಕ್ಕಳ ಶ್ರವಣಶಕ್ತಿಯನ್ನು ಅಭ್ಯಸಿಸುವ ಒಂದು ಸಂಶೋಧನಾ ವಿಭಾಗದಲ್ಲಿದ್ದೆ. ಬರೆದ ಸ್ವರವನ್ನು ಎಂದೂ ಕಾಣದ ಮಕ್ಕಳು ಕೇಳಿದ್ದನ್ನು ಕೈಗೆ ಹೇಗೆ ಇಳಿಸುತ್ತಾರೆಂದು ತಿಳಿಯಲು ಒಂದು ತರಗತಿ ಬೇಕಾಗಿತ್ತು. ವಿಭಾಗದಲ್ಲಿ ಪಿಟೀಲು ಬಲ್ಲವನು ನಾನೊಬ್ಬನೇ ಆದ್ದರಿಂದ ಹೊಣೆ ನನ್ನ ಪಾಲಿಗೆ ಬಂತು. ಅಧ್ಯಯನ ಮುಗಿಯಿತು, ತರಗತಿ ಮುಗಿಯಲಿಲ್ಲ. ನಿವೃತ್ತಿಯವರೆಗೂ, ಆನಂತರವೂ ಕೆಲಕಾಲ, ರಾಜಾಜಿನಗರದಿಂದ ಕೆಂಗೇರಿಯವರೆಗೆ ಹಲವು ಬಾಡಿಗೆ ಕೋಣೆಗಳಲ್ಲಿ ಕಲಿಸಿದ್ದೇನೆ. ಇಲ್ಲಿ ಹೇಳುವ ಘಟನೆಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಮಕ್ಕಳ ಮನೆಯವರಲ್ಲಿ ವಿಚಾರಿಸಿ ತಾಳೆ ನೋಡಿದ್ದೇನೆ. ತಾಳೆಯಾಗದಿದ್ದ ಕಡೆ ಹಾಗೆಂದೇ ಹೇಳುತ್ತೇನೆ.

ಮೊದಲ ಪಾಠ ನನಗೆ ಆದದ್ದು ಸುಂಕದಕಟ್ಟೆಯಲ್ಲಿ, ಒಂದು ಪ್ರಾವಿಷನ್ ಸ್ಟೋರಿನ ಮೇಲಿನ ಕೋಣೆಯಲ್ಲಿ. ಅಲ್ಲಿಯ ಮಕ್ಕಳು ಷಡ್ಜವನ್ನು, ಎಂದರೆ ಉಳಿದೆಲ್ಲ ಸ್ವರಗಳಿಗೆ ನೆಲೆಯಾದ ‘ಸ’ವನ್ನು, ಶ್ರುತಿಪೆಟ್ಟಿಗೆಗಿಂತ ಕೂದಲೆಳೆಯಷ್ಟು ಮೇಲೆ ಹಿಡಿಯುತ್ತಿದ್ದರು. ಒಬ್ಬರಲ್ಲ, ಎಲ್ಲರೂ, ಒಂದು ದಿನವಲ್ಲ, ಪ್ರತಿ ತರಗತಿಯಲ್ಲೂ. ತಿದ್ದಿದರೆ ಕೆಳಗಿಳಿಯುತ್ತಿತ್ತು, ನಾನು ಬೆನ್ನು ತಿರುಗಿಸುವಷ್ಟರಲ್ಲಿ ಮತ್ತೆ ಅಲ್ಲಿಗೇ ಏರಿರುತ್ತಿತ್ತು, ಕಾಣದ ಯಾರೋ ಮೇಲಿನಿಂದ ಎಳೆದುಕೊಂಡ ಹಾಗೆ. ಒಂದು ಸಂಜೆ ಪಾಠದ ನಡುವೆ ಕರೆಂಟು ಹೋಯಿತು. ಶ್ರುತಿಪೆಟ್ಟಿಗೆ ಬ್ಯಾಟರಿಯಲ್ಲಿ ನುಡಿಯುತ್ತಲೇ ಇತ್ತು. ಆದರೂ ಮಕ್ಕಳೆಲ್ಲ ಒಮ್ಮೆಗೇ ತಂತಿಯಿಂದ ಕಮಾನು ಎತ್ತಿಬಿಟ್ಟರು.

“ಸಾರ್, ಶ್ರುತಿ ಹೋಯ್ತು,” ಎಂದಳು ಮುಂದಿನ ಸಾಲಿನ ಹುಡುಗಿ.

“ಇದೆಯಲ್ಲಮ್ಮ, ಕೇಳಿಸ್ತಾ ಇಲ್ವಾ?”

“ಅದಲ್ಲ ಸಾರ್. ಇನ್ನೊಂದು.”

ಕಿಟಕಿಯಾಚೆ ಒಂದು ಟ್ರಾನ್ಸ್‌ಫಾರ್ಮರ್ ಇತ್ತು. ಅದರ ಗುಂಯ್‌ಗುಟ್ಟುವಿಕೆ ನನ್ನ ಕಿವಿಗೆ ಸದ್ದಾಗಿ ಉಳಿದಿರಲೇ ಇಲ್ಲ. ಮಕ್ಕಳಿಗೆ ಅದು ನನ್ನ ಪೆಟ್ಟಿಗೆಗಿಂತ ದೊಡ್ಡ ಶ್ರುತಿಯಾಗಿತ್ತು. ಕರೆಂಟು ಬಂದೊಡನೆ, ನಾನು ಏನೂ ಹೇಳದೆಯೇ, ಕತ್ತಲಲ್ಲಿ ಕಾದು ಕುಳಿತಿದ್ದ ಅವರೆಲ್ಲರೂ ಒಟ್ಟಿಗೆ ಆರಂಭಿಸಿದರು. ಆ ಕೋಣೆಯಲ್ಲಿ ನಿಜವಾದ ಮೇಷ್ಟ್ರು ನಾನಲ್ಲ ಎಂದು ಆಗ ಅನ್ನಿಸಿದ್ದು ಇನ್ನೂ ನೆನಪಿದೆ.

ನಮ್ಮ ವಿಭಾಗದ ಮುಖ್ಯಸ್ಥೆ ಇದನ್ನು ಕೇಳಿ ನಕ್ಕರು. ಬಹಳ ಓದಿಕೊಂಡಿದ್ದ, ಮಾತಿನಲ್ಲಿ ಚುರುಕಾದ ಹೆಂಗಸು. “ಮಗು ಕೇಳಿದ್ದನ್ನ ನುಡಿಸೋದಲ್ಲ ಕಣ್ರೀ, ಕೇಳಬೇಕಾದ್ದನ್ನ ನುಡಿಸ್ಬೇಕು. ತಪ್ಪು ಮೊದಲನೇ ಸಲ ಬಂದಾಗಲೇ ಚಿವುಟಿ ಹಾಕಿ. ಕೋಣೆ ಬದಲಾಯಿಸಿ,” ಎಂದರು. ಕೋಣೆ ಬದಲಾಯಿಸಿದೆ. ಚಿವುಟುವ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಕೊನೆಯವರೆಗೆ ಹೊಂದಿಕೆಯಾಗಲಿಲ್ಲ. ಮಕ್ಕಳ ತಪ್ಪುಗಳಲ್ಲಿ ಎರಡು ಬಗೆ. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ ಬರುವುದು ಕೈಯ ತಪ್ಪು; ಅದನ್ನು ತಿದ್ದಬಹುದು. ಪ್ರತಿಸಲವೂ ಅದೇ ಜಾಗದಲ್ಲಿ, ಅದೇ ರೂಪದಲ್ಲಿ ಮರಳುವುದು ತಪ್ಪಲ್ಲ. ಮಗು ಅದನ್ನು ಎಲ್ಲಿಯೋ ಕೇಳಿದೆ. ತಿದ್ದುವ ಮೊದಲು ಎಲ್ಲಿ ಎಂದು ಹುಡುಕಬೇಕು.

ಮೊಬೈಲು ಫೋನು ಬಂದ ಮೇಲೆ ಹುಡುಕುವ ಕೆಲಸ ಕೆಲವೊಮ್ಮೆ ತಮಾಷೆಯದೂ ಆಯಿತು. ಬಸವೇಶ್ವರನಗರದ ಒಬ್ಬ ಹುಡುಗ ದೇವರನಾಮವೊಂದರ ನಡುವೆ ಮೇಲಿನ ತಂತಿಯನ್ನು ಬೆರಳಿನಿಂದ ಒಮ್ಮೆ ‘ಟಿಣ್’ ಎಂದು ಮೀಟಿ ಮುಂದುವರಿಯುತ್ತಿದ್ದ. ಅವನ ತಂದೆ ಹಾಡಿ ರೆಕಾರ್ಡ್ ಮಾಡುತ್ತಿದ್ದಾಗ ಅಲ್ಲಿ ಯಾರದೋ ಮೆಸೇಜು ಬಂದಿತ್ತು. “ಅದೂ ಹಾಡೇ ಅನ್ಕೊಂಡೆ ಸಾರ್,” ಎಂದ ಹುಡುಗ. ನಾವೆಲ್ಲ ನಕ್ಕೆವು. ಅವನು ನಗಲಿಲ್ಲ.

ಇನ್ನು ತನ್ವಿಯ ವಿಷಯ.

ಇದು ಮೆಟ್ರೊ ಕೆಂಗೇರಿಯವರೆಗೆ ಓಡಲಾರಂಭಿಸಿದ ಮೇಲಿನ ಮಾತು. ಖಚಿತವಾಗಿ ಹೇಳಲು ಕಾರಣವಿದೆ: ತನ್ವಿಯ ತಾಯಿ ರೂಪಾ, ಮಗಳನ್ನು ವಿಜಯನಗರದ ನನ್ನ ತರಗತಿಗೆ ಬಿಟ್ಟು, ಅದೇ ರೈಲಿನಲ್ಲಿ ಕೆಂಗೇರಿಗೆ ಹೋಗಿ ಅಲ್ಲಿಯ ಒಂದು ಆರೈಕೆ ಕೇಂದ್ರವನ್ನು ನೋಡಿ ಬರುತ್ತಿದ್ದರು. ಅತ್ತಿಗುಪ್ಪೆ ಹೊಲಗದ್ದೆಯ ಊರಾಗಿದ್ದ ಕಾಲದಿಂದ ಅಲ್ಲಿಯೇ ಇದ್ದ ಕುಟುಂಬ ಅವರದು. ಹೊಲವಿದ್ದ ಕಡೆ ಈಗ ಮೂರಂತಸ್ತಿನ ಮನೆ. ಮೇಲೆ ಬಾಡಿಗೆದಾರರು, ಕೆಳಗೆ ಇವರು. ರೂಪಾ, ಆಕೆಯ ಗಂಡ, ಅತ್ತೆ ನಂಜಮ್ಮ, ಮತ್ತು ಹಿಂದಿನ ಕೋಣೆಯಲ್ಲಿ ನಂಜಮ್ಮನವರ ಅತ್ತೆ ಕೆಂಪಮ್ಮ. ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಗಿ, ಮಾತು ನಿಂತು, ಕೆಂಪಮ್ಮ ವರ್ಷಗಳಿಂದ ಮಲಗಿದ್ದಲ್ಲೇ ಇದ್ದರು. ಅವರಿಗೆ ಯಾವ ಅರಿವೂ ಉಳಿದಿಲ್ಲವೆಂದು ವೈದ್ಯರು ಹೇಳಿದ್ದರಂತೆ. ಕೆಂಗೇರಿಯ ಕೇಂದ್ರ ಅವರಿಗಾಗಿ.

ಮಕ್ಕಳಿಗೆ ನಾನು ಆಗಾಗ ಒಂದು ಕೆಲಸ ಕೊಡುತ್ತಿದ್ದೆ: ಮನೆಯಲ್ಲಿ ಕೇಳಿದ ಹಾಡೊಂದನ್ನು, ದೊಡ್ಡವರ ಸಹಾಯ ಕೇಳದೆ, ಪಿಟೀಲಿನಲ್ಲಿ ಹುಡುಕಿ ತರುವುದು. ಉಳಿದವರು ಸೀರಿಯಲ್ಲಿನ ಶೀರ್ಷಿಕೆ ಹಾಡು, ಕಸದ ಗಾಡಿಯ ಹಾಡು ತಂದರು. ತನ್ವಿ ತಂದದ್ದು ನಾಲ್ಕೇ ಸ್ವರಗಳ, ತಗ್ಗಿನಲ್ಲಿ ಸುತ್ತುವ ಒಂದು ಧಾಟಿ. ಸುತ್ತಿ ಸುತ್ತಿ ಬಂದು ಅದು ಒಂದು ಕಡೆ ನಿಂತುಬಿಡುತ್ತಿತ್ತು. ಅವಳ ಕಮಾನು ಮೇಲೆದ್ದು ಗಾಳಿಯಲ್ಲಿ ಉಳಿಯುತ್ತಿತ್ತು. ತಲೆ ಸ್ವಲ್ಪ ವಾಲುತ್ತಿತ್ತು. ಆಮೇಲೆ ಯಾರೋ ಹೂಂ ಎಂದ ಹಾಗೆ ಮತ್ತೆ ಸುತ್ತು ಆರಂಭ. ನಿಲ್ಲುವ ಜಾಗ ಪ್ರತಿಸಲವೂ ಅದೇ. ಎಷ್ಟು ಹೊತ್ತು ನಿಲ್ಲುತ್ತಿದ್ದಳು ಎಂಬುದು ಮಾತ್ರ ಒಂದೊಂದು ಸಲ ಒಂದೊಂದು ಬಗೆ.

ಕೆಲವೇ ವಾರಗಳಲ್ಲಿ ಉಳಿದ ಮಕ್ಕಳೂ ಅದನ್ನು ಕಲಿತುಬಿಟ್ಟರು. ಕಿವಿಯಿಂದ ಕಲಿಯುವ ಮಕ್ಕಳನ್ನು ತಡೆಯಲಾಗದು. ಎಲ್ಲರೂ ಕೂಡಿ ನುಡಿಸುವಾಗ ಆ ಜಾಗ ಬಂದರೆ ಇಡೀ ಕೋಣೆ ಉಸಿರು ಹಿಡಿಯುತ್ತಿತ್ತು. ಎತ್ತಿದ ಕಮಾನುಗಳ ಕೆಳಗೆ ಪುಟ್ಟ ಮುಖಗಳು ಒಂದೇ ಕಡೆಗೆ ವಾಲಿ ಏನನ್ನೋ ಕಾಯುವುದನ್ನು ನೋಡಲು ನನಗೆ ಹಿತವೆನಿಸುತ್ತಿರಲಿಲ್ಲ. ಯಾರಿಗಾಗಿ ಕಾಯುತ್ತಿದ್ದೀರೆಂದು ಒಬ್ಬನನ್ನು ಕೇಳಿದೆ. “ತನ್ವಿ ಕಾಯ್ತಾಳಲ್ಲ ಸಾರ್, ಅದಕ್ಕೆ,” ಎಂದ.

ರೂಪಾ ಒಂದು ದಿನ ಬಂದು ಕೇಳಿಕೊಂಡರು. “ಸಾರ್, ಆ ಗ್ಯಾಪ್ ಒಂದು ತೆಗೆಸಿಬಿಡಿ. ಸ್ಕೂಲ್ ಫಂಕ್ಷನ್‌ನಲ್ಲಿ ನುಡಿಸಿದ್ರೆ ಮರೆತುಹೋದ್ಲು ಅನ್ಕೋತಾರೆ ಜನ.”

“ಈ ಹಾಡು ನಿಮ್ಮ ಮನೇದಾ?”

“ಇಲ್ಲ ಸಾರ್. ನಾನಂತೂ ಕೇಳಿಲ್ಲ. ನಿಮ್ಮ ಪಾಠವೇ ಅನ್ಕೊಂಡಿದ್ದೆ.”

ತನ್ವಿಯನ್ನು ಕರೆದೆವು. ಎಲ್ಲಿ ಕೇಳಿದ್ದು ಎಂದದ್ದಕ್ಕೆ ಅವಳು ಮುಚ್ಚುಮರೆಯಿಲ್ಲದೆ, “ಮುತ್ತಜ್ಜಿ ರೂಮಲ್ಲಿ,” ಎಂದಳು. ಸ್ಕೂಲಿನಿಂದ ಬಂದ ಮೇಲೆ ಅವಳು ಮುತ್ತಜ್ಜಿಯ ಮಗ್ಗುಲಲ್ಲಿ ಮಲಗುವುದು ರೂಢಿ.

“ಅಲ್ಲಿ ಯಾರು ಹಾಡ್ತಾರೆ?”

“ಯಾರೂ ಹಾಡಲ್ಲ. ಅದೇ ಬರತ್ತೆ.”

“ಎಲ್ಲಿಂದ?”

ಅವಳು ತನ್ನ ಅಂಗೈಯನ್ನು ಪಕ್ಕೆಲುಬಿನ ಮೇಲಿಟ್ಟು ತೋರಿಸಿದಳು. “ಇಲ್ಲಿಂದ. ಮುತ್ತಜ್ಜಿದು. ಬಾಯಿ ಮುಚ್ಚೇ ಇರತ್ತೆ.”

ರೂಪಾ ಮಗಳನ್ನು ತಮ್ಮ ಕಡೆಗೆ ಎಳೆದುಕೊಂಡರು. “ಅವರಿಗೆ ಮಾತೇ ಇಲ್ಲ ಸಾರ್,” ಎಂದರು ಮೆಲ್ಲಗೆ.

ಮಾತು ಹೋದವರಲ್ಲಿ ಹಾಡು ಉಳಿಯುವುದುಂಟು. ನಮ್ಮ ಕ್ಷೇತ್ರದಲ್ಲಿ ಇದು ತಿಳಿದ ಸಂಗತಿ. ಆದರೆ ಅರಿವೇ ಇಲ್ಲವೆಂದು ಹೇಳಲಾದವರಲ್ಲಿ? ಸುಲಭವಾದ ವಿವರಣೆಯನ್ನು ಮೊದಲು ಪರೀಕ್ಷಿಸಬೇಕಾಗಿತ್ತು: ಕೆಂಪಮ್ಮ ಚೆನ್ನಾಗಿದ್ದಾಗ ಹಾಡಿದ್ದನ್ನು ತನ್ವಿ ಹಸುಗೂಸಾಗಿ ಕೇಳಿರಬಹುದು. ಇಲ್ಲಿ ತಾರೀಖುಗಳು ಅಡ್ಡ ಬಂದವು. ಪಾರ್ಶ್ವವಾಯು ಬಡಿದಾಗ ತನ್ವಿ ತಮ್ಮ ಹೊಟ್ಟೆಯಲ್ಲಿದ್ದಳು ಎಂದರು ರೂಪಾ. ಇಲ್ಲ, ನಾಮಕರಣದ ದಿನ ಅತ್ತೆ ಮಗುವನ್ನು ಎತ್ತಿ ಆಡಿಸಿದ್ದರು ಎಂದರು ನಂಜಮ್ಮ. ಆಸ್ಪತ್ರೆಯ ಕಾಗದಕ್ಕೂ ಮಗುವಿನ ಜನನಪತ್ರಕ್ಕೂ ತಾಳೆ ನೋಡಿದೆ. ಸರಿಯಾಗಿ ನೆನಪಿಟ್ಟುಕೊಂಡವರು ರೂಪಾ. ನಾಮಕರಣದಲ್ಲಿ ಮಗುವನ್ನು ಎತ್ತಿಕೊಂಡವರು ಕೆಂಪಮ್ಮನವರ ಅಕ್ಕ. ತನ್ವಿ ಹುಟ್ಟುವ ಮೊದಲೇ ಆ ಕೋಣೆಯಲ್ಲಿ ಹಾಡು ನಿಂತುಹೋಗಿತ್ತು. ಕಾಗದಗಳನ್ನು ಮಡಿಸಿ ಹಿಂದಿರುಗಿಸಿದೆ.

ನಂಜಮ್ಮನವರಿಗೆ ಕಾಗದ ಬೇಕಿರಲಿಲ್ಲ. “ಆ ರೂಮಲ್ಲಿ ಏನೋ ಅದೆ ಮೇಷ್ಟ್ರೆ,” ಎಂದರು. “ಕೂಸು ಮಲಗಿ ಎದ್ರೆ ಕಣ್ಣು ಎಲ್ಲೋ ಇರ್ತದೆ. ನಿಂಬೆಹಣ್ಣು ಕಟ್ಟಿಸ್ದೆ, ಆಗ್ಲಿಲ್ಲ. ಅತ್ತೆಮ್ಮನ್ನ ಕೆಂಗೇರಿಗೆ ಕಳಿಸ್ತೀವಿ. ಪಿಟೀಲೂ ಸಾಕು. ನೀವು ಬೇಜಾರು ಮಾಡ್ಕೋಬೇಡಿ.”

“ಅಲ್ಲಿ ಅವರ ಹತ್ರ ಯಾರಿರ್ತಾರಮ್ಮ?”

“ನರ್ಸ್‌ಗಳು ಇರ್ತಾರೆ. ಎಲ್ಲಾ ಇಂಥೋರೇ ಮಲಗಿರೋ ಹಾಲು. ಇವರಿಗೇನು, ಎಲ್ಲಿದ್ರೂ ಒಂದೇ ಅಂತ ಡಾಕ್ಟ್ರೇ ಅಂದವ್ರೆ.”

ಡಾಕ್ಟರು ಅಂದದ್ದು ಸರಿಯಾಗಿದ್ದರೆ ಆ ಏರ್ಪಾಡಿನಲ್ಲಿ ದೋಷವಿರಲಿಲ್ಲ. ಸರಿಯಾಗಿರದಿದ್ದರೆ, ಎಲ್ಲವನ್ನೂ ಬಲ್ಲ ಒಬ್ಬ ಹೆಂಗಸನ್ನು ಏನನ್ನೂ ಅರಿಯದವರ ನಡುವೆ ಕೊನೆಯವರೆಗೆ ಮಲಗಿಸಿದಂತಾಗುತ್ತಿತ್ತು; ಅವರ ಪಕ್ಕೆಗೆ ಕಿವಿಯಿಡಲು ಅಲ್ಲಿ ಯಾರೂ ಇರುತ್ತಿರಲಿಲ್ಲ. ತನ್ವಿ ಒಮ್ಮೆ ಆ ಕೋಣೆಯಲ್ಲಿ ನುಡಿಸುವುದನ್ನು ನಾನು ಕೇಳಬೇಕೆಂದು ಬೇಡಿಕೊಂಡೆ. ಆಂಬುಲೆನ್ಸ್ ಬರುವ ದಿನ, ಅದು ಬರುವುದಕ್ಕೆ ಮುಂಚೆ, ಎಂದು ಒಪ್ಪಿದರು. ನಂಜಮ್ಮನವರಿಗೆ ಅದು ಬೀಳ್ಕೊಡುಗೆಯಂತೆ ಕಂಡಿರಬೇಕು.

ನಾನು ಹೋದಾಗ ಮಧ್ಯಾಹ್ನ. ಅತ್ತಿಗುಪ್ಪೆಯ ಹಳೆಯ ಬೀದಿಯಲ್ಲಿ ಬಿಸಿಲು ಚೆನ್ನಾಗಿತ್ತು. ಆ ಕೋಣೆಗೆ ಮಾತ್ರ ಪಕ್ಕದ ಮನೆಯ ಗೋಡೆಯಿಂದ ಮರಳಿದ ಬೂದಿಬಣ್ಣದ ಬೆಳಕು. ಗಾಳಿಹಾಸಿಗೆಯ ಪಂಪು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಪೌಡರಿನ ವಾಸನೆ. ಕೆಂಪಮ್ಮನವರ ಕಣ್ಣು ತೆರೆದಿತ್ತು, ಸೂರಿನ ಕಡೆಗೆ. ಬಟ್ಟೆಯ ಗಂಟು ಆಗಲೇ ಬಾಗಿಲ ಬಳಿ ಕುಳಿತಿತ್ತು.

“ಕೂತ್ಕೊಳ್ಳಿ ಮೇಷ್ಟ್ರೆ,” ಎಂದು ನಂಜಮ್ಮ ಮಂಚದ ಮೇಲಿಂದಲೇ, ಮಲಗಿದ್ದವರ ಮೈಮೇಲೆ ಕೈ ಚಾಚಿ ಕುರ್ಚಿ ದಾಟಿಸಿದರು. “ಇವರು ಹೋದ್ಮೇಲೆ ಈ ರೂಮ್ಗೆ ಸುಣ್ಣ ಹೊಡೆಸ್ಬೇಕು. ಎಷ್ಟು ವರ್ಷ ನಾನೂ ಮಾಡಿದೀನಿ, ಹೇಳಿ. ಸೊಸೆಯಾಗಿ ಬಂದ ದಿನದಿಂದ ಒಂದು ಒಳ್ಳೆ ಮಾತು ಆಡಿಲ್ಲ ಈಯಮ್ಮ.”

“ಅತ್ತೆ,” ಎಂದರು ರೂಪಾ, ಸಾಕು ಎಂಬ ಧ್ವನಿಯಲ್ಲಿ.

“ಕೇಳಿಸ್ದ್ರೆ ತಾನೆ? ದಿನಾ ಹೇಳ್ತೀನಿ, ಹೇಳಿ ಹಗುರ ಮಾಡ್ಕೋತೀನಿ. ಗೋಡೆಗೆ ಹೇಳಿದಂಗೆ.”

ನಾನು ಮಂಚದ ಬಳಿ ಬಾಗಿ ಬಹಳ ಹೊತ್ತು ಆಲಿಸಿದೆ. ನನಗೆ ಕೇಳಿಸಿದ್ದು ಪಂಪು ಒಂದೇ. ಆ ವಯಸ್ಸಿಗೆ ನನ್ನ ಕಿವಿಯ ಮಿತಿ ನನಗೆ ಗೊತ್ತಿತ್ತು.

ತನ್ವಿ ಮಂಚಕ್ಕೆ ಬೆನ್ನು ಮಾಡಿ, ನಮ್ಮ ಕಡೆ ಮುಖ ಮಾಡಿ ನಿಂತಳು. ಅವಳ ಹಿಂದೆ ಮುತ್ತಜ್ಜಿ. ಪಿಟೀಲು ಹೆಗಲಿಗೇರಿಸಿ, ತರಗತಿಯಲ್ಲಿ ನಾನು ಹೇಳಿಕೊಟ್ಟಂತೆ ಕಣ್ಣು ಮುಚ್ಚಿದಳು. ನಾಲ್ಕು ಸ್ವರಗಳ ಸುತ್ತು ತೊಡಗಿತು. ಆ ಜಾಗ ಬಂತು. ಕಮಾನು ಮೇಲೆದ್ದಿತು.

ಹೊದಿಕೆಯ ಮೇಲೆ ಕೆಂಪಮ್ಮನವರ ಎಡಗೈ ಎದ್ದಿತು.

ಸೆಳೆತ ಎಂದುಕೊಂಡೆ. ಅಂಥ ಮೈಗಳಲ್ಲಿ ಅದು ಸಹಜ. ಕೈ ಅಂಗುಲದಷ್ಟು ಎದ್ದು, ಬೆರಳುಗಳು ಬಟ್ಟಲಿನಂತೆ ಕೂಡಿಕೊಂಡವು, ಮಣಿಕಟ್ಟು ನಿಧಾನವಾಗಿ ಒಳಕ್ಕೆ ವಾಲಿತು, ಬೆರಳು ಬಿಚ್ಚಿಕೊಂಡವು. ಕೈ ಕೆಳಗಿಳಿಯಿತು. ಆಗ ಕಮಾನು ಇಳಿಯಿತು.

ಎರಡನೆಯ ಸುತ್ತಿನಲ್ಲಿಯೂ ಹಾಗೆಯೇ ಆಯಿತು. ಮೂರನೆಯದರಲ್ಲಿ ಕೈ ತಡವಾಗಿ ಎದ್ದಿತು. ಕಮಾನೂ ಅಷ್ಟೇ ಹೊತ್ತು ಮೇಲೆ ಕಾದು ನಿಂತಿತು. ಬೆರಳು ಬಿಚ್ಚಿದ ಮೇಲೆಯೇ ನಾದ. ತನ್ವಿ ಕಣ್ಣು ತೆರೆದಿರಲಿಲ್ಲ, ಹಿಂದಿರುಗಿ ನೋಡಿರಲಿಲ್ಲ. ಒಂದು ಕೈ ಬಟ್ಟೆಯ ಮೇಲಿನಿಂದ ಏಳುವುದನ್ನೂ ಇಳಿಯುವುದನ್ನೂ ಪಂಪಿನ ಸದ್ದಿನಾಚೆ ಕೇಳಿಸಿಕೊಳ್ಳುವ ಕಿವಿಯುಂಟೆಂದು ನನ್ನ ಶಾಸ್ತ್ರ ಹೇಳುವುದಿಲ್ಲ. ಇದಕ್ಕೆ ನನ್ನ ಬಳಿ ವಿವರಣೆಯಿಲ್ಲ. ಇದ್ದಿದ್ದರೆ ಇಲ್ಲಿಯೇ ಬರೆಯುತ್ತಿದ್ದೆ.

ನಂಜಮ್ಮ ಗೋಡೆಗೆ ಒರಗಿದ್ದರು. ಅವರ ಮುಖದ ಬಣ್ಣ ಇಳಿದಿತ್ತು.

“ಕಾಳು ಹಾಕ್ತಾವ್ರೆ,” ಎಂದರು.

“ಏನತ್ತೆ?” ಎಂದರು ರೂಪಾ.

“ರಾಗಿಕಲ್ಲಿಗೆ ಕಣೇ. ಬೀಸೋವಾಗ ಹಿಡಿ ಕಾಳು ಹಾಕ್ತಾರಲ್ಲ. ಬಲಗೈ ಗೂಟದ ಮೇಲೆ, ಎಡಗೈಲಿ ಕಾಳು. ಕಾಳು ಹಾಕೋವಾಗ ಹಾಡ್ತಿದ್ದ ಪದ ನಿಲ್ಲಿಸೋರು. ಎದುರಿಗೆ ನಾನೇ ಕೂತಿರ್ತಿದ್ದೆ, ಇದೇ ಪದ.” ಅವರು ಉಸಿರೆಳೆದುಕೊಂಡರು. “ಮರ್ತೇಬಿಟ್ಟಿದ್ದೆ. ಮಿಲ್ಲು ಬಂದ್ಮೇಲೆ ಯಾರು ಬೀಸ್ತಾರೆ? ಆ ಕಲ್ಲು ಮನೆ ಕಟ್ಟೋವಾಗ ಪಾಯಕ್ಕೆ ಹಾಕ್ಬಿಟ್ರು. ಇಲ್ಲೇ ಕೆಳಗದೆ.”

ನಾವು ಮೂವರೂ ನಮಗರಿವಿಲ್ಲದೆ ನೆಲದ ಟೈಲ್ಸ್ ಕಡೆ ನೋಡಿದೆವು. ತನ್ವಿ ನುಡಿಸುತ್ತಲೇ ಇದ್ದಳು. ಮತ್ತೆ ಆ ಜಾಗ ಬಂತು. ಕಮಾನು ಎದ್ದಿತು, ಕೈ ಎದ್ದಿತು.

“ಹಾಗಾದ್ರೆ ಇವರು,” ಎಂದು ಶುರುಮಾಡಿದ ರೂಪಾ ಮಾತು ಮುಗಿಸಲಿಲ್ಲ. ನಂಜಮ್ಮನವರಿಗೆ ಅದು ಅದಾಗಲೇ ತಿಳಿದಿತ್ತು. ಅವರು ಮಂಚದ ಬಳಿ ಬಂದು ಬಾಗಿದರು.

“ಅತ್ತೆಮ್ಮ, ನಾನು ಅಂದಿದ್ದೆಲ್ಲ ಕೇಳಿಸ್ತಿತ್ತಾ?”

ಕಣ್ಣು ಸೂರಿನ ಮೇಲೆಯೇ ಇತ್ತು. ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲ. ಆದರೆ ಈ ಸಲ ಬಟ್ಟಲಾದ ಕೈ ವಾಲಲಿಲ್ಲ. ಕಾಳು ತುಂಬಿದ ಹಾಗೆಯೇ ಗಾಳಿಯಲ್ಲಿ ನಿಂತಿತು. ತನ್ವಿಯ ಕಮಾನೂ ನಿಂತಿತು. ಮುಚ್ಚಿದ ಕಣ್ಣುಗಳ ಆ ಮಗು, ತೆರೆದ ಕಣ್ಣುಗಳ ಆ ಮುದುಕಿ, ಇಬ್ಬರೂ ಒಂದೇ ಕಡೆಗೆ ಕಿವಿಗೊಟ್ಟು ಕಾಯುತ್ತಿದ್ದರು. ಎಷ್ಟು ಹೊತ್ತು ಹಾಗೆ ಕಳೆಯಿತೋ ಹೇಳಲಾರೆ; ನಾನೂ ರೂಪಾ ಅವರೂ ಆಮೇಲೆ ಇದನ್ನು ತಾಳೆ ನೋಡಿದಾಗ ನಮ್ಮಿಬ್ಬರ ಅಂದಾಜು ಬಹಳ ಬೇರೆಯಾಗಿತ್ತು.

ಕಲ್ಲು ತಿರುಗದೆ ಕಾಳು ಹಾಕುವ ಹಾಗಿಲ್ಲ. ಇದು ನನಗೆ ಹೊಳೆಯಲಿಲ್ಲ, ನಂಜಮ್ಮನವರಿಗೆ ಹೊಳೆಯಿತು. ಅವರು ಮಂಚದ ಅಂಚಿನಲ್ಲಿ ಕುಳಿತು, ಹೊದಿಕೆಯ ಕೆಳಗಿನಿಂದ ಅತ್ತೆಯ ಸತ್ತ ಬಲಗೈಯನ್ನು ಹೊರತೆಗೆದು, ಅದರ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಮಾಡಿದರು. ಅದರ ಮೇಲೆ ತಮ್ಮ ಮುಷ್ಟಿಯನ್ನಿಟ್ಟರು, ಇಬ್ಬರೂ ಒಂದೇ ಗೂಟವನ್ನು ಹಿಡಿದಂತೆ. ಆಮೇಲೆ ಗಾಳಿಯಲ್ಲಿ ನಿಧಾನವಾಗಿ ತಿರುವತೊಡಗಿದರು.

ಎಡಗೈ ವಾಲಿತು. ಬೆರಳು ಬಿಚ್ಚಿಕೊಂಡವು. ಕಮಾನು ತಂತಿಗೆ ಇಳಿಯಿತು.

ಹೊರಗೆ ಬೀದಿಯಲ್ಲಿ ಹಾರ್ನುಗಳು ಮೊಳಗುತ್ತಿದ್ದವು. ಮಡಿಸಿದ ಸ್ಟ್ರೆಚರನ್ನು ಗೋಡೆಗೆ ತಾಗಿಸುತ್ತ ಆಂಬುಲೆನ್ಸಿನ ಚಾಲಕ ಕೋಣೆಯ ಬಾಗಿಲಿಗೆ ಬಂದ.

“ಆಂಟಿ, ಪೇಷಂಟ್ ರೆಡೀನಾ? ಗಾಡಿ ರೋಡಲ್ಲೇ ನಿಲ್ಸಿದೀನಿ, ಹಿಂದೆ ಎಲ್ಲಾ ಬಯ್ತಾವ್ರೆ.”

ನಂಜಮ್ಮ ತಿರುಗಿ ನೋಡಲಿಲ್ಲ. ಅವರ ಕೈಯೂ ನಿಲ್ಲಲಿಲ್ಲ.

“ಗಾಡಿ ವಾಪಸ್ ತಗೊಂಡೋಗಪ್ಪ,” ಎಂದರು. “ಕಾಳು ಇನ್ನೂ ಮುಗಿದಿಲ್ಲ.”